ಒಳಗಿನ ಸಾಲು

ಕೃಷ್ಣರಾಜಪೇಟೆ
10 ಜೂನ್ 2024

ಗಿರಗಟ್ಲೆ ರೆಕಾರ್ಡ್ಸ್‌ನವರಿಗೆ,

ನಮ್ಮವ್ವನ ಹೆಸರಿಗೆ ನೀವು ಕಳಿಸಿದ ಕ್ಯಾಸೆಟ್ಟಿನ ಹಿಂದೆ ಫೋನ್ ನಂಬರಿಲ್ಲ. ‘ಹೇಳುವುದಿದ್ದರೆ ಬರೆಯಿರಿ, ಬರೆಯಲಾಗದ್ದನ್ನು ಮರೆಯಿರಿ’ ಎಂದು ಅಚ್ಚು ಹಾಕಿಸಿ, ಕೆಳಗೆ ಪಾಂಡವಪುರದ ವಿಳಾಸ ಕೊಟ್ಟಿದ್ದೀರಿ. ಮರೆಯಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದೇವಲಾಪುರದ ಸೋಮಮ್ಮನ ಮಗಳು ಪ್ರಮೀಳಾ. ನನ್ನನ್ನು ಕೊಟ್ಟಿರುವುದು ಕೆ.ಆರ್. ಪೇಟೆಗೆ. ಇಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ನೀವು ನಮ್ಮವ್ವನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ಸೋಬಾನೆ ಪದ ಹಾಡಿಸಿದಿರಿ. ಅವ್ವ ಖುಷಿಯಾಗಿಯೇ ವಾಪಸು ಬಂದಳು. ‘ಗಾಳಿನೂ ಆಡ್ದಿರೋ ರೂಮ್ನಾಗೆ ಕೂರ್ಸಿ ಆಡ್ಸುದ್ರು ಕಣವ್ವ, ಕೋಳಿನ ಕಾವಿಗೆ ಕೂರ್ಸ್ದಂಗೆ’ ಎಂದು ನಗುತ್ತಿದ್ದಳು. ಮಾಘದಲ್ಲಿ ತೀರಿಕೊಂಡಳು. ಯುಗಾದಿಗೆ ನಿಮ್ಮ ಹಾಡು ಬಂತು.

ಆ ಹಾಡು ಏನೆಂದು ನಿಮಗೆ ಗೊತ್ತಿದ್ದಂತಿಲ್ಲ. ಮದುವೆಯಾದ ಹೆಣ್ಣೂ ಗಂಡೂ ಮನೆ ತುಂಬುವಾಗ ಗಂಡಿನ ತಂಗಿ ಒಳಗಿನಿಂದ ಕದ ಹಾಕಿಕೊಳ್ಳುತ್ತಾಳೆ. ಹೊರಗಿನವರು ಕದ ತೆಗಿ ಎಂದು ಹಾಡಬೇಕು, ಒಳಗಿನವರು ಸವಾಲು ಹಾಕಿ ಹಾಡಬೇಕು. ಕೊನೆಗೆ ಒಳಗಿನವರು ಕದ ತೆಗೆಯುವ ಸಾಲು ಹಾಡಿದ ಮೇಲೇ ಅದು ಮುಗಿಯುವುದು. ಅರ್ಧಕ್ಕೆ ಬಿಡುವ ಹಾಗಿಲ್ಲ. ಬಿಟ್ಟರೆ ಬಂದವರು ಬಾಗಿಲಲ್ಲೇ ಉಳಿಯುತ್ತಾರೆ ಎನ್ನುತ್ತಾರೆ. ಅವ್ವ ಆಯುಸ್ಸೆಲ್ಲಾ ಹೊರಗಿನವರ ಕಡೆಗೇ ಹಾಡಿದವಳು.

ನೀವು ಅವಳ ಒಂದು ಸಾಲನ್ನು ಕಿತ್ತುಕೊಂಡು, ‘ದೂರದಿಂದ ಬಂದೀವಿ, ದಣಿದು ನಿಂತೀವಿ, ತೆಗಿಯೇ ತೆಗಿಯೇ ಕದವಾ’ ಎಂಬುದನ್ನೇ ಗಾಣದೆತ್ತಿನ ಹಾಗೆ ಸುತ್ತಿಸಿ, ಮೇಲೆ ಟಿಕಿಟಿಕಿ ಹಾಕಿದ್ದೀರಿ. ಈಗ ಎಲ್ಲರ ರೀಲ್ಸಿನಲ್ಲೂ ಅದೇ. ಒಬ್ಬಳು ಫ್ರಿಜ್ಜು ತೆಗೆಯುತ್ತಾಳೆ, ಅವ್ವ ಹಾಡುತ್ತಾಳೆ. ಒಬ್ಬ ಹೊಸ ಕಾರಿನ ಬಾಗಿಲು ತೆಗೆಯುತ್ತಾನೆ, ಅವ್ವ ಹಾಡುತ್ತಾಳೆ. ನಮ್ಮ ಬೀದಿಯ ಚಿಕನ್ ಅಂಗಡಿಯವನು ಬೆಳಿಗ್ಗೆ ಶಟರು ಎತ್ತುವಾಗ ಹಾಕುತ್ತಾನೆ. ಎಲ್ಲರ ಬಾಗಿಲೂ ತೆರೆಯುತ್ತದೆ, ನಮ್ಮವ್ವನಿಗೆ ಬಿಟ್ಟು.

ಮೊದಲ ಸಲ ಕೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ. ಎದ್ದು ಬಂದು ಅಗುಳಿ ತೆಗೆದೆ. ಹೊರಗೆ ಯಾರೂ ಇರಲಿಲ್ಲ. ನನ್ನ ಮಗಳು ಅನು ನಡುಮನೆಯಲ್ಲಿ ಫೋನು ನೋಡುತ್ತಿದ್ದಳು. ಆವತ್ತಿನಿಂದ ಹಗಲು ಹೊತ್ತು ಬಾಗಿಲು ಹಾಕುವುದನ್ನೇ ಬಿಟ್ಟಿದ್ದೇನೆ. ಪಕ್ಕದ ಮನೆಯ ಕೋಳಿಗಳು ಒಳಗೇ ಸಂಸಾರ ಹೂಡಿವೆ. ನಮ್ಮೆಜಮಾನರು, ‘ಇದೇನು ಮನೆನೋ ಬಸ್‌ಸ್ಟಾಂಡೋ?’ ಎನ್ನುತ್ತಾರೆ.

ದಯವಿಟ್ಟು ಹಾಡು ನಿಲ್ಲಿಸಿ.

ಇಂತಿ,
ಪ್ರಮೀಳಾ ಕುಮಾರ್


ಪಾಂಡವಪುರ
21 ಜೂನ್ 2024

ಪ್ರಮೀಳಾ ಅವರಿಗೆ,

ಅಮ್ಮ ತೀರಿಕೊಂಡದ್ದು ನಮಗೆ ತಿಳಿದಿರಲಿಲ್ಲ. ದೇವಲಾಪುರಕ್ಕೆ ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ಟು ವಾಪಸು ಬರಲಿಲ್ಲವಾದ್ದರಿಂದ ತಲುಪಿದೆ ಎಂದುಕೊಂಡಿದ್ದೆವು. ತಲುಪಿತ್ತು, ಕೇಳುವವರು ಇರಲಿಲ್ಲ.

ಗಿರಗಟ್ಲೆ ಎಂದರೆ ದೊಡ್ಡ ಕಂಪನಿ ಅಂದುಕೊಂಡಿದ್ದರೆ ಕ್ಷಮಿಸಿ. ನಾವು ಇಬ್ಬರೇ. ಸಂಗೀತ ಕೂಡಿಸುವವನು ಶ್ರೀರಂಗಪಟ್ಟಣದ ನಾಗಾರ್ಜುನ. ಮಿಕ್ಕಿದ್ದೆಲ್ಲ ನಾನು, ಈ ಕಾಲದಲ್ಲೂ ಹುಚ್ಚಿಗೆ ಕ್ಯಾಸೆಟ್ಟು ತುಂಬಿಸುವುದೂ ಸೇರಿ. ಹೊಟ್ಟೆಪಾಡಿಗೆ ಲಗ್ನಪತ್ರಿಕೆ ಅಚ್ಚು ಮಾಡುತ್ತೇನೆ. ಮದುವೆಗೊಂದು ಪ್ರಾಸ, ತಿಥಿಗೊಂದು ಪ್ರಾಸ. ಕನ್ನಡ ಎಂ.ಎ. ಮಾಡಿದ್ದಕ್ಕೆ ದೇವರು ಕೊಟ್ಟ ಗ್ರಾಸ. ನಮ್ಮ ಹಿಂದಿನ ಹಾಡುಗಳನ್ನು ಯಾರೂ ಕೇಳಿಲ್ಲ. ಡೇರಿಯಲ್ಲಿ ಹಾಲು ಪರೀಕ್ಷಿಸುವ ಯಂತ್ರದ ಕೀಂಕೀಂ ಹಿಡಿದು ‘ಡೇರಿ ಡಿಸ್ಕೋ’ ಮಾಡಿದೆವು. ಟ್ರಾಕ್ಟರು ಹಿಂದಕ್ಕೆ ಬರುವ ಸದ್ದಿಗೆ ‘ರಿವರ್ಸು ರಾಗ’ ಎಂದು ಹೆಸರಿಟ್ಟೆವು. ಅವನ್ನು ಕೊಂಡವರು ನಮ್ಮ ನೆಂಟರು. ಒಬ್ಬಿಬ್ಬರು ಆಮೇಲೆ ನೆಂಟಸ್ತನ ಬಿಟ್ಟರು. ಅಮ್ಮನ ಹಾಡು ಮಾತ್ರ ಹೀಗೆ ಹಬ್ಬುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಿಮ್ಮ ಕಾಗದ ಓದಿದ ದಿನವೇ ನಮ್ಮ ಪುಟದಿಂದ ಹಾಡು ತೆಗೆದೆವು. ಆದರೆ ಅದು ನಮ್ಮ ಕೈಲಿಲ್ಲ. ಕದ್ದವರಿಂದ ಕದ್ದವರು ಇಟ್ಟುಕೊಂಡಿದ್ದಾರೆ. ಊರಿಗೆಲ್ಲ ಬಿಟ್ಟ ಹಾರು ಹತ್ತಿಯನ್ನು ಮತ್ತೆ ಕಾಯಿಗೆ ತುಂಬು ಎಂದರೆ ಹೇಗೆ?

ಇನ್ನೊಂದು ಮಾತು. ಇಷ್ಟು ದಿನ ಆ ಸಾಲು ನನಗೆ ಕುಣಿತದ ಸಾಲಾಗಿತ್ತು. ನಿನ್ನೆ ತೊಣ್ಣೂರು ಕೆರೆ ಏರಿಯ ಮೇಲೆ ಯಾರೋ ಹುಡುಗರು ಕಾರಿನಲ್ಲಿ ಹಾಕಿಕೊಂಡಿದ್ದರು. ನಿಂತು ಕೇಳಿದೆ. ದಣಿದು ನಿಂತೀವಿ ಎನ್ನುವಾಗ ಅಮ್ಮ ನಿಜವಾಗಿ ದಣಿದಿದ್ದರು. ಅದು ನನಗೆ ಮೊದಲು ಕೇಳಿಸಿರಲಿಲ್ಲ. ಈಗ ಬೇರೇನೂ ಕೇಳಿಸುತ್ತಿಲ್ಲ.

ನಿಮ್ಮ,
ತಿಮ್ಮರಾಜು


ಕೃಷ್ಣರಾಜಪೇಟೆ
8 ಜುಲೈ 2024

ತಿಮ್ಮರಾಜು ಅವರಿಗೆ,

ನಿಲ್ಲಿಸಲು ಆಗದಿದ್ದರೆ ಮುಗಿಸಿ.

ಆವತ್ತು ಅವ್ವ ಪೂರ್ತಿ ಹಾಡಿದ್ದಾಳಲ್ಲ, ಆ ಪೂರ್ತಿಯನ್ನು ಹೊರಗೆ ಬಿಡಿ. ಕದ ತೆಗೆಯುವವರೆಗೂ ಇರಲಿ. ಟಿಕಿಟಿಕಿ ಬೇಕಾದರೆ ಹಾಕಿಕೊಳ್ಳಿ, ಅವಳಿಗೆ ಅದರ ಬೇಜಾರಿಲ್ಲ. ಒಳಗೆ ಬಂದರೆ ಸಾಕು.

ಪ್ರಮೀಳಾ


ಪಾಂಡವಪುರ
19 ಆಗಸ್ಟ್ 2024

ಪ್ರಮೀಳಾ ಅವರಿಗೆ,

ತಡವಾಯಿತು. ತಡಕ್ಕೆ ಕಾರಣವಿದೆ, ಸಮಾಧಾನದಿಂದ ಓದಿ.

ನಾನೂ ನಾಗಾರ್ಜುನನೂ ಅಮ್ಮನ ಮೂಲ ರೆಕಾರ್ಡಿಂಗನ್ನು ಮೊದಲಿಂದ ಕೇಳಿದೆವು. ಅದರಲ್ಲಿ ಒಳಗಿನ ಸಾಲುಗಳೇ ಇಲ್ಲ. ಅಮ್ಮ ಹೊರಗಿನ ಸಾಲು ಹಾಡುತ್ತಾರೆ, ಸುಮ್ಮನಾಗುತ್ತಾರೆ. ಮತ್ತೆ ಹೊರಗಿನ ಸಾಲು, ಮತ್ತೆ ಸುಮ್ಮನೆ. ನಾಗಾರ್ಜುನ ಆಗ ಅದನ್ನು ಮರೆವು ಎಂದುಕೊಂಡಿದ್ದ. ಅವನ ಕಂಪ್ಯೂಟರಿಗೆ ಒಂದು ಚಾಳಿ: ಸದ್ದಿಲ್ಲದ ಜಾಗವನ್ನೆಲ್ಲ ತಾನಾಗಿ ಕತ್ತರಿಸಿ, ಸದ್ದಿರುವುದನ್ನು ಒತ್ತಟ್ಟಿಗೆ ಸೇರಿಸುತ್ತದೆ. ಹಾಗೆ ಸೇರಿಸಿದ್ದನ್ನೇ ನಾವು ಹಾಡು ಎಂದುಕೊಂಡೆವು.

ಈಗ ಕತ್ತರಿಸದೆ ಕೇಳಿದರೆ ಆ ಸುಮ್ಮನಿರುವ ಜಾಗ ಸುಮ್ಮನಿಲ್ಲ. ಅಮ್ಮ ಬೆರಳಲ್ಲಿ ಚಾಪೆ ತಟ್ಟುತ್ತಿದ್ದಾರೆ. ಒಳಗಿನವರು ಹಾಡಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಕಾಯುತ್ತಿದ್ದಾರೆ. ಒಂದು ಕಡೆ ಮೆಲ್ಲಗೆ ‘ಊಂ’ ಎನ್ನುತ್ತಾರೆ, ಯಾರೋ ಕೊಟ್ಟ ಉತ್ತರ ಒಪ್ಪಿದ ಹಾಗೆ. ನಾಗಾರ್ಜುನ ಹೆಡ್‌ಫೋನು ತೆಗೆದಿಟ್ಟು ಅಂಗಳಕ್ಕೆ ಹೋಗಿ ನಿಂತ.

ನಿಮ್ಮೂರಿನಲ್ಲಿ ಒಳಗಿನವರ ಕಡೆ ಹಾಡುತ್ತಿದ್ದವರು ಮಂಚಮ್ಮ ಎಂದು ವಿಚಾರಿಸಿಕೊಂಡು, ನಾಗಮಂಗಲದಲ್ಲಿ ಬಸ್ಸು ಬದಲಿಸಿ ದೇವಲಾಪುರಕ್ಕೆ ಹೋದೆ. ಅಜ್ಜಿ ಜಗುಲಿಯಲ್ಲಿ ಹುರುಳಿ ಆರಿಸುತ್ತಿದ್ದರು.

‘ಯಾರ್ಲಾ ನೀನು? ಎಲೆಕ್ಸನ್ನೋನಾ?’

‘ಅಲ್ಲಜ್ಜಿ, ಹಾಡಿನೋನು.’

‘ಎಲ್ಡೂ ಒಂದೇ ಬುಡು. ಊದೋದೇ ತಾನೇ ಕೆಲ್ಸ.’

ಹೆಡ್‌ಫೋನು ಹಾಕಿ ಅಮ್ಮನ ಹಾಡು ಕೇಳಿಸಿದೆ. ಅಜ್ಜಿಯ ಮುಖ ಹೇಗಾಯಿತು ಎಂದು ಬರೆಯಲಾರೆ. ‘ಸೋಮೀ!’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ‘ಒಸಿ ತಡ್ಕಳೇ, ಅದೇನು ಅವಸ್ರ!’ ಆಮೇಲೆ ಸುಮ್ಮನಿರುವ ಜಾಗ ಬಂದಾಗ ಅಜ್ಜಿಯ ತುಟಿ ಅಲ್ಲಾಡಿತು. ನಾನು ಫೋನಿನಲ್ಲಿ ರೆಕಾರ್ಡು ಒತ್ತಿದೆ. ಅಷ್ಟರಲ್ಲಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಹೆಡ್‌ಫೋನು ಕಿತ್ತು ನನ್ನ ತೊಡೆಯ ಮೇಲೆ ಹಾಕಿದರು.

‘ನಾನಾಡಾಕಿಲ್ಲ.’

‘ಯಾಕಜ್ಜಿ?’

‘ಸತ್ತೋಳು ಕದ ತಟ್ತಾವ್ಳೆ. ನಾನು ತೆಗುದ್ರೆ ಎಲ್ಲಿಗ್ಲಾ ಬರ್ತಾಳೆ? ನಮ್ಮನೆಗಲ್ವಾ? ಬಂದು, ಮಂಚಿ ಏಳೇ ಓಗವಾ ಅಂದ್ಬುಟ್ರೆ? ರಾಗಿ ಈಗ್ತಾನೇ ಎದ್ದೈತೆ, ಕಳೆ ಕೀಳೋದೈತೆ ನಂಗೆ.’

ನನಗೆ ನಗು ಬಂತು, ನಗಲಿಲ್ಲ. ಅಜ್ಜಿ ನಗಿಸಲು ಹೇಳಿರಲಿಲ್ಲ.

‘ಅವಳ ಮಗಳು ಪರ್ಮೀಳಾ ಐತಲ್ಲ, ಅದು ಕಲ್ತಿತ್ತು ನನ್ನತ್ರ. ನನ್ ಪಕ್ಕ ನಿಂತ್ಕಂಡು ಒಳಗಿನ ಸಾಲ ಇಡ್ಕಳೋದು. ಗೇಣುದ್ದ ಇದ್ಲು, ಗಂಟ್ಲು ಮಾತ್ರ ಗಂಟೆ. ತಾಯಿಗೆ ಮಗಳು ತೆಗೀಲಿ. ಅಲ್ಲಿಗೋಗ್ಲಿ ಅವಳು.’

ನೀವು ಇದನ್ನು ನನಗೆ ಹೇಳಿರಲಿಲ್ಲ.

ಜಾಗ ಅಮ್ಮನೇ ಬಿಟ್ಟಿದ್ದಾರೆ. ಹಾಡುತ್ತೀರಾ?

ನಿಮ್ಮ,
ತಿಮ್ಮರಾಜು


ಕೃಷ್ಣರಾಜಪೇಟೆ
2 ಸೆಪ್ಟೆಂಬರ್ 2024

ತಿಮ್ಮರಾಜು ಅವರಿಗೆ,

ಮಂಚಮ್ಮಜ್ಜಿಗೆ ವಯಸ್ಸಾಗಿದೆ. ನನಗೆ ಸಾಲುಗಳು ಮರೆತಿವೆ. ಅಂಗಡಿಯಲ್ಲಿ ಗೌರಿಹಬ್ಬದ ರವಿಕೆಗಳು ರಾಶಿ ಬಿದ್ದಿವೆ.

ಬೇರೆ ಯಾರಾದರೂ ಸಿಕ್ಕುತ್ತಾರೇನೋ ನೋಡಿ. ಬಿಂಡಿಗನವಿಲೆ ಕಡೆ ಚೆನ್ನಾಗಿ ಹಾಡುವವರಿದ್ದಾರೆ ಎಂದು ಕೇಳಿದ್ದೇನೆ.

ಪ್ರಮೀಳಾ


ಪಾಂಡವಪುರ
9 ಸೆಪ್ಟೆಂಬರ್ 2024

ಪ್ರಮೀಳಾ ಅವರಿಗೆ,

ಬಿಂಡಿಗನವಿಲೆಯವರು ಬಾಗಿಲು ತೆಗೆದರೆ ಅಮ್ಮ ಬಿಂಡಿಗನವಿಲೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಯಾರ ಗುರುತಿದೆ?

ಬಲವಂತವಿಲ್ಲ.

ತಿಮ್ಮರಾಜು


ದೇವಲಾಪುರ
4 ಅಕ್ಟೋಬರ್ 2024

ಅಣ್ಣ,

ಮಾರ್ನೋಮಿ ಅಮಾವಾಸ್ಯೆಗೆ ತವರಿಗೆ ಬಂದೆ. ಅವ್ವ ಹೋದ ಮೇಲೆ ಮೊದಲ ಎಡೆ. ನಮ್ಮಣ್ಣ ಬೋರಯ್ಯ ಎಲ್ಲಾ ಅಚ್ಚುಕಟ್ಟಾಗಿ ಮಾಡಿಸಿದ್ದ. ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆಯಡಿಕೆ, ಅವಳ ಹೊಗೆಸೊಪ್ಪು, ಹೊಸ ಸೀರೆ. ನಿಮ್ಮ ಕಡೆಯೂ ಹೀಗೇ ಇರಬಹುದು: ಎಡೆ ಇಟ್ಟು, ದೀಪ ಹಚ್ಚಿ, ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಸತ್ತವರು ಒಳಗೆ ಬಂದು ಉಂಡು ಹೋಗುವವರೆಗೆ ಮಾತಿಲ್ಲದೆ ಜಗುಲಿಯಲ್ಲಿ ಕೂರಬೇಕು. ಆಮೇಲೆ ಮನೆಯ ದೊಡ್ಡವರು ಕದ ತಟ್ಟಿ ತೆಗೆಯುತ್ತಾರೆ.

ಹಾಗೆ ಕೂತಿದ್ದೆವು. ಹೊತ್ತು ಇಳಿಯುತ್ತಿತ್ತು. ಬೀದಿಯಲ್ಲಿ ಒಂದು ಟ್ರಾಕ್ಟರು ಬಂತು, ಅದರಲ್ಲಿ ಅವ್ವನ ಹಾಡು. ದೂರದಿಂದ ಬಂದೀವಿ, ದಣಿದು ನಿಂತೀವಿ. ಟ್ರಾಕ್ಟರು ನಮ್ಮನೆ ಮುಂದೆ ತಿರುವಿನಲ್ಲಿ ನಿಧಾನವಾಯಿತು. ತೆಗಿಯೇ ತೆಗಿಯೇ ಕದವಾ. ನಮ್ಮಣ್ಣ ಎದ್ದು ಬೈಯಲು ಹೋದವನು ಮಾತಾಡಬಾರದೆಂದು ನೆನಪಾಗಿ ಕೈ ಎತ್ತಿಕೊಂಡು ಹಾಗೇ ನಿಂತ.

ಆಗ ನನಗೆ ಹೊಳೆಯಿತು. ಅವ್ವ ನಮ್ಮ ಜೊತೆ ಹೊರಗೇ ಇದ್ದಾಳೆ. ಹಾಗಾದರೆ ಒಳಗೆ ಉಣ್ಣುತ್ತಿರುವವರು ಯಾರು?

ಕದ ತೆಗೆದಾಗ ಎಡೆ ಇಟ್ಟ ಹಾಗೇ ಇತ್ತು. ಅದು ಯಾವಾಗಲೂ ಇಟ್ಟ ಹಾಗೇ ಇರುತ್ತದೆ, ನನಗೆ ಗೊತ್ತು. ಅಪ್ಪನಿಗೆ ಇಟ್ಟಾಗಲೂ ಇತ್ತು. ಆದರೂ ಅಣ್ಣ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಮುದ್ದೆಯನ್ನು ಬೆರಳಲ್ಲಿ ಸ್ವಲ್ಪ ಮುರಿದು, ‘ನೋಡು, ಅವ್ವ ಉಂಡವ್ಳೆ’ ಅಂದ. ಅವನು ಮುರಿದದ್ದನ್ನು ನಾನು ನೋಡಿದೆ. ನೋಡಿದ್ದು ಅವನಿಗೂ ಗೊತ್ತಾಯಿತು.

ಸಾಲುಗಳು ಮರೆತಿಲ್ಲ. ಸುಳ್ಳು ಬರೆದಿದ್ದೆ. ಇನ್ನೊಂದು ಭಾನುವಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. ಬಸ್‌ಸ್ಟಾಂಡಿಗೆ ಯಾರಾದರೂ ಬಂದರೆ ಒಳ್ಳೆಯದು, ನನಗೆ ಆ ಊರಿನ ಪರಿಚಯವಿಲ್ಲ.

ನಿಮ್ಮ ತಂಗಿ,
ಪ್ರಮೀಳಾ


ಪಾಂಡವಪುರ
11 ನವೆಂಬರ್ 2024

ತಂಗಿ ಪ್ರಮೀಳಾಗೆ,

ಆವತ್ತು ಶ್ರೀರಂಗಪಟ್ಟಣದಲ್ಲಿ ನೀನು ಕೊನೆಯ ಸಾಲು ಹಾಡಿದವಳೇ ಹೆಡ್‌ಫೋನು ಕಳಚಿಟ್ಟು, ಕಾಫಿಗೂ ನಿಲ್ಲದೆ ಬಸ್ಸಿಗೆ ಓಡಿದೆ. ನಾಗಾರ್ಜುನನ ತಾಯಿ ಲೋಟ ಹಿಡಿದುಕೊಂಡು ಬೀದಿಯವರೆಗೆ ಬಂದರು. ಆದ್ದರಿಂದ ಆಮೇಲಿನದು ನಿನಗೆ ಗೊತ್ತಿಲ್ಲ. ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ.

ನಾಗಾರ್ಜುನ ನಿನ್ನ ಸಾಲುಗಳನ್ನು ಅಮ್ಮ ಬಿಟ್ಟ ಜಾಗಗಳಲ್ಲಿ ಇಟ್ಟ. ಎಳೆಯಲಿಲ್ಲ, ಕುಗ್ಗಿಸಲಿಲ್ಲ. ಎಲ್ಲಾ ಕೂತವು. ನೀನು ‘ಬರಿಗೈಲಿ ಬಂದೋರಿಗೆ ಬಾಗಿಲು ತೆಗಿಯೆನು’ ಎಂದು ಹಾಡಿದ್ದು ಮುಗಿಯುವ ಜಾಗಕ್ಕೇ ಅಮ್ಮನ ‘ಊಂ’ ಬಂತು. ಪ್ರಾಸ ಕಟ್ಟಿಕೊಂಡು ಬದುಕಿದವನು ನಾನು. ಒಂದು ಸಾಲಿಗೆ ಇನ್ನೊಂದು ಸಾಲು ಹೀಗೆ ಬಂದು ಕೂಡುವುದನ್ನು ಕಂಡಿರಲಿಲ್ಲ.

ಕೊನೆಯ ಸಾಲು, ‘ಬಲಗಾಲ ಇಟ್ಟು ಒಳಕ್ಕೆ ಬಾರವ್ವ.’ ನಿನ್ನ ದನಿ ಅಲ್ಲಿ ಒಡೆದಿದೆ. ಸರಿಮಾಡಲೇ ಎಂದ ನಾಗಾರ್ಜುನ. ಬೇಡ ಎಂದೆ. ಆ ಸಾಲು ಮುಗಿದು, ಒಂದು ಉಸಿರು ಕಳೆದು, ಅಮ್ಮನ ರೆಕಾರ್ಡಿಂಗಿನಲ್ಲಿ ಬಳೆ ಸದ್ದಾಗುತ್ತದೆ. ‘ಬಂದೆ ಕಣವ್ವ’ ಎನ್ನುತ್ತಾರೆ. ಚಾಪೆಯಿಂದ ಏಳುತ್ತಾರೆ. ಬಾಗಿಲು ಕಿರ್ರೆನ್ನುತ್ತದೆ.

ನೀನು ಹೆದರಬಾರದೆಂದು ಹೇಳುತ್ತೇನೆ: ಅದು ಕಾಫಿಗೆ ಕೊಟ್ಟ ಉತ್ತರ. ಅಮ್ಮ ಹಾಡಿದ ದಿನ ನಾನಲ್ಲೇ ಇದ್ದೆ. ನಾಗಾರ್ಜುನನ ತಾಯಿ ಬಾಗಿಲು ತೆರೆದು ಲೋಟ ತೋರಿಸಿ ಕೈಸನ್ನೆಯಲ್ಲಿ ಕರೆದರು, ಅಮ್ಮ ಎದ್ದು ಹೋದರು. ಅಷ್ಟೇ. ನಾನು ದೆವ್ವ ಭೂತ ನಂಬುವ ಪೈಕಿಯಲ್ಲ. ಇದನ್ನು ನಾನು ನಾಗಾರ್ಜುನನಿಗೆ ಹಲವು ಸಲ ಹೇಳಿದೆ. ಅವನೂ ನನಗೆ ಹಲವು ಸಲ ಹೇಳಿದ. ಇಬ್ಬರೂ ಒಬ್ಬರನ್ನೊಬ್ಬರು ಬಸ್‌ಸ್ಟಾಂಡಿನವರೆಗೆ ಬಿಟ್ಟು ಬಂದೆವು, ನಾವು ಕೂತಿದ್ದದ್ದೇ ಅವನ ಮನೆಯಲ್ಲಾದರೂ.

ಆ ಮಾತನ್ನು ಕತ್ತರಿಸಲಿಲ್ಲ. ಹಾಡು ಅಲ್ಲಿಗೇ ಮುಗಿಯುತ್ತದೆ.

ಹೊಸದನ್ನು ಹೋದ ವಾರ ಬಿಟ್ಟೆವು. ಯಾರೂ ಎತ್ತಿಕೊಳ್ಳಲಿಲ್ಲ. ಅಷ್ಟು ಹೊತ್ತು ಕಾದು ಫ್ರಿಜ್ಜು ತೆರೆಯುವ ತಾಳ್ಮೆ ಯಾರಿಗಿದೆ? ರೀಲ್ಸಿನವರಿಗೆ ಆಗಲೇ ಬೇರೆ ಹಾಡು ಸಿಕ್ಕಿದೆಯಂತೆ, ಯಾವುದೋ ಬೆಕ್ಕಿನದು. ನಿನ್ನ ಮನಸ್ಸಿಗೆ ನೆಮ್ಮದಿಯಾಗಲಿ ಎಂದು ನಮ್ಮಲ್ಲಿ ಉಳಿದಿದ್ದ ಹಳೆಯ ಕ್ಯಾಸೆಟ್ಟುಗಳ ಮೇಲೇ ಹೊಸ ಹಾಡನ್ನು ತುಂಬಿಸುತ್ತಿದ್ದೇವೆ. ಒಂದನ್ನು ಇದರ ಜೊತೆ ಕಳಿಸಿದ್ದೇನೆ.

ಕದ ತೆಗೆದಿದ್ದೀಯ. ಇನ್ನು ಕೋಳಿಗಳನ್ನು ಓಡಿಸು.

ನಿನ್ನ,
ತಿಮ್ಮರಾಜು


ಕೃಷ್ಣರಾಜಪೇಟೆ
20 ಜನವರಿ 2025

ಅಣ್ಣನಿಗೆ,

ಸಂಕ್ರಾಂತಿಯ ಎಳ್ಳು ಬೆಲ್ಲ ಇಟ್ಟಿದ್ದೇನೆ, ಪೊಟ್ಟಣ ಒಡೆಯದೆ ತಲುಪಿದರೆ ಸಂತೋಷ.

ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಹಾಕಿದೆ. ಅದಕ್ಕೆಂದೇ ನಮ್ಮೆಜಮಾನರು ಯಾರ ಮನೆಯಿಂದಲೋ ಹಳೆಯ ಟೇಪು ತಂದುಕೊಟ್ಟರು. ಒಂದೇ ಸಲ ಕೇಳಿದೆ. ಬಂದೆ ಕಣವ್ವ ಎಂದದ್ದೂ ಕೇಳಿತು. ಕಾಫಿಗೇ ಇರಲಿ, ಅವಳಿಗೆ ಕಾಫಿ ಎಂದರೆ ಪ್ರಾಣ.

ಅಲ್ಲಿಂದ ಎಲ್ಲಾ ನಿಂತಿತು. ಬಾಗಿಲು ಹಾಕಿಕೊಳ್ಳುತ್ತೇನೆ, ಅಗುಳಿಯ ಕಡೆ ಕೈ ಹೋಗುವುದಿಲ್ಲ. ಕೋಳಿಗಳು ಅವರ ಮನೆಗೆ ಹೋದವು. ಅನು, ‘ಅಮ್ಮಾ, ಈಗ ನೀನು ಸರಿಹೋದೆ’ ಅನ್ನುತ್ತಾಳೆ. ಮೊನ್ನೆ ಬಸ್‌ಸ್ಟಾಂಡಿನಲ್ಲಿ ಯಾರದೋ ಫೋನಿನಿಂದ ಹಳೆಯ ಹಾಡು ಒಂದು ಚೂರು ಬಂತು. ತಲೆ ಎತ್ತಲೂ ಇಲ್ಲ ನಾನು, ಚಿಲ್ಲರೆ ಹುಡುಕುತ್ತಿದ್ದೆ. ಬಸ್ಸು ಹತ್ತಿ ಕೂತ ಮೇಲೆ ಅದು ಅವ್ವನ ದನಿ ಎಂದು ನೆನಪಾಯಿತು. ನೆನಪು ಮಾಡಿಕೊಳ್ಳಬೇಕಾಯಿತು, ಅಣ್ಣ.

ಇಳಿದು ವಾಪಸು ಓಡಿದೆ. ಫೋನಿನವರು ಹೋಗಿದ್ದರು.

ಮನೆಗೆ ಬಂದು ಕೋಣೆ ಕೋಣೆ ತಿರುಗಿದೆ. ಒಳಗೆ ಬಾ ಎಂದವಳು ನಾನೇ. ಬಂದಿದ್ದರೆ ಎಲ್ಲೋ ಒಂದು ಕಡೆ ಇರಬೇಕಲ್ಲ. ಹೊಲಿಗೆ ಯಂತ್ರ, ಮಂಚ, ಅಕ್ಕಿ ಡಬ್ಬ, ಅನುವಿನ ಪುಸ್ತಕಗಳು. ಎಲ್ಲೂ ಇಲ್ಲ. ಅನುವಿನ ಫೋನಿನಲ್ಲಿ ಆ ಹಳೆಯ ಹಾಡು ಹುಡುಕಿಸಿದೆ. ಬೆಕ್ಕು ಬರುತ್ತದೆ, ಅವ್ವ ಬರುವುದಿಲ್ಲ.

ಅವ್ವನಿಗೆ ನೀವು ಕಳಿಸಿದ್ದ ಕ್ಯಾಸೆಟ್ಟಿನ ಸುರುಳಿಯನ್ನು ಊರಿನ ಮಕ್ಕಳು ಎಳೆದು ಹಾಳುಮಾಡಿದ್ದಾರೆ. ನಿಮ್ಮಲ್ಲಿ ಹಳೆಯದು, ಕತ್ತರಿಸಿ ಸುತ್ತಿಸಿದ್ದು, ಒಂದಾದರೂ ಉಳಿದಿದ್ದರೆ ಅದರ ಮೇಲೆ ಏನನ್ನೂ ತುಂಬಿಸಬೇಡಿ. ನನಗೆ ಕಳಿಸಿ. ಅವಳು ಹೊರಗೆ ನಿಂತಿದ್ದಾಗ, ಎಲ್ಲಿದ್ದಾಳೆ ಎಂದು ನನಗೆ ಗೊತ್ತಿತ್ತು.

ನಿಮ್ಮ ತಂಗಿ,
ಪ್ರಮೀಳಾ